ಒಂಬತ್ತು ದಿನದ ದಾರಿ

1973ರ ಫೆಬ್ರವರಿ 7, ಬುಧವಾರ. ಬೆಳಿಗ್ಗೆ 10.40ಕ್ಕೆ ಗಂಡ ಹೆಂಡತಿ ಇಬ್ಬರು ವಡಾಲ ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಶಂಕ್ರೆಪ್ಪ ಮುಗಳಿಯವರ ಮೇಜಿನೆದುರು ನಿಂತರು. ಗಂಡನ ಕೈಯಲ್ಲಿ ಹಡಗಿನ ಎರಡು ಟಿಕೀಟುಗಳಿದ್ದವು. ಹೆಂಡತಿ ಬಸುರಿ. ಉಟ್ಟಿದ್ದು ಇಳಕಲ್ ಸೀರೆ, ಆದರೆ ಮೂಗು, ಕಣ್ಣು, ಬಣ್ಣ ಯಾವುದೂ ಇಳಕಲ್ಲಿನ ಕಡೆಯದಲ್ಲ.

"ನೀವು ಮೊದಲ ಕೂಡ್ರಿ," ಎಂದು ಮುಗಳಿ ಆಕೆಗೆ ಕುರ್ಚಿ ತೋರಿಸಿದರು.

ಮುಗಳಿ ಅಥಣಿ ಕಡೆಯವರು. ಬೆಳಗಾವಿ ಇನ್ನೂ ಮುಂಬಯಿ ಪ್ರಾಂತ್ಯದಲ್ಲಿದ್ದಾಗ ಪೊಲೀಸ್ ಸೇರಿದವರು, ಪ್ರಾಂತ್ಯ ಒಡೆದು ರಾಜ್ಯಗಳಾದ ಮೇಲೂ ಇಲ್ಲೇ ಉಳಿದವರು. ಕನ್ನಡದವರು ಯಾರೇ ಬಂದರೂ ಹವಾಲ್ದಾರ್ ಸಾಳವಿ ಅವರನ್ನು ನೇರ ಈ ಮೇಜಿಗೇ ಸಾಗಹಾಕುತ್ತಿದ್ದ. ಹದಿನೈದು ವರ್ಷ ಮುಗಳಿಯವರ ಜೊತೆಗಿದ್ದು ಅವನಿಗೆ ಕನ್ನಡ ಚೆನ್ನಾಗಿಯೇ ತಿಳಿಯುತ್ತಿತ್ತು. ಗೊತ್ತೆಂದರೆ ಕೆಲಸ ಹೆಚ್ಚುತ್ತದೆಂದು ಬಾಯಿ ಬಿಟ್ಟಿರಲಿಲ್ಲ, ಅಷ್ಟೆ.

"ಏನ್ ಕಳದೈತಿ?"

"ಈಕಿ ಪಾಸ್‌ಪೋರ್ಟರಿ. ಅದರ ಜೋಡಿ ರಜಿಸ್ಟ್ರೇಶನ್ ಪುಸ್ತಕ."

"ಕಡೀಕ ಯಾವಾಗ ನೋಡಿದ್ರಿ?"

"ನಿನ್ನೆ ಮಧ್ಯಾಹ್ನ ಮೂರಕ್ಕ. ಟ್ರಂಕಿನ್ಯಾಗ ಇತ್ತು. ಇವತ್ತ ಮುಂಜಾನಿ ಎಂಟಕ್ಕ ತೆಗದ್ರ ಇಲ್ಲ."

"ಹಡಗ ಯಾವತ್ತು?"

"ಶುಕ್ರವಾರ ಮಧ್ಯಾಹ್ನ ಎರಡಕ್ಕ, ಬಲ್ಲಾರ್ಡ್ ಪಿಯರಿನಿಂದ. ಎಮಿಗ್ರೇಶನ್ ಬಾಗಲಾ ಒಂದೂವರಿಗೇ ಮುಚ್ಚತಾರ್ರಿ."

ಗಂಡನ ಹೆಸರು ನಿಂಗಣ್ಣ, ವಯಸ್ಸು 31, ವಿಜಾಪುರ ಜಿಲ್ಲೆಯವನು. ಇರಾನಿನ ಅಬಾದಾನ್ ಎಂಬ ಊರಿನ ಎಣ್ಣೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಹೆಂಡತಿ ಅಲ್ಲಿಯವಳೇ, ಅರ್ಮೇನಿಯನ್ ಕ್ರೈಸ್ತರ ಮನೆಯ ಹುಡುಗಿ. ಪಾಸ್‌ಪೋರ್ಟಿನಲ್ಲಿ ಅವಳ ಹೆಸರು ಸಿರಾನುಶ್. ಎರಡು ವರ್ಷದ ಹಿಂದೆ ಅಣ್ಣ ತೀರಿಕೊಂಡನೆಂದು ನಿಂಗಣ್ಣ ಅವಳನ್ನು ಕರೆದುಕೊಂಡು ಮುಂಬಯಿಗೆ ಬಂದ. ರಿಜಿಸ್ಟ್ರಾರರ ಮುಂದೆ ಮದುವೆಯಾಯಿತು, ಆಮೇಲೆ ಮನೆಯಲ್ಲಿ ತಲೆಯ ಮೇಲೆ ಅಕ್ಕಿ ಕಾಳು ಬಿತ್ತು. ತಟ್ಟೆಯ ಅಕ್ಕಿಯಲ್ಲಿ ನಿಂಗಣ್ಣ ಬೆರಳಿನಿಂದ ಬರೆದ ಹೊಸ ಹೆಸರು ನೀಲವ್ವ. ಅಂದಿನಿಂದ ಅವಳು ಚಾಳಿಗೆಲ್ಲ ನೀಲವ್ವನೇ.

ಆದರೆ ಸರ್ಕಾರಕ್ಕೆ ಅವಳು ವಿದೇಶಿ ಹೆಂಗಸು, ವೀಸಾದ ಮೇಲೆ ಇರುವವಳು. ಎರಡು ಸಲ ವಿಸ್ತರಿಸಿದ ವೀಸಾ ಶನಿವಾರಕ್ಕೆ ಮುಗಿಯುತ್ತಿತ್ತು. ಕಾರ್ಖಾನೆಯವರು ಈಗ ಮತ್ತೆ ಕರೆದಿದ್ದರು; ನಿಂಗಣ್ಣ ಇಪ್ಪತ್ತರೊಳಗೆ ಅಬಾದಾನಿನಲ್ಲಿ ಹಾಜರಾಗದಿದ್ದರೆ ಕೆಲಸವೂ ಇಲ್ಲ, ಅವನಿಗೆ ಆ ದೇಶದ ವೀಸಾವೂ ಇಲ್ಲ. ಹಡಗು ತಪ್ಪಿದರೆ ಮುಂದಿನದು ಹದಿನೈದು ದಿನಕ್ಕೆ. ಅಷ್ಟರಲ್ಲಿ ಅವಳಿಗೆ ಏಳು ತಿಂಗಳು ತುಂಬುತ್ತದೆ, ಹಡಗಿನ ಡಾಕ್ಟರು ಹತ್ತಿಸಿಕೊಳ್ಳುವುದಿಲ್ಲ. ಅಂದರೆ ಶುಕ್ರವಾರ ಒಂದೂವರೆಯೊಳಗೆ ಇಬ್ಬರೂ ಆ ಬಾಗಿಲು ದಾಟಬೇಕು, ಇಲ್ಲವೇ ಅವನು ಆ ಕಡೆ, ಅವಳು ವೀಸಾ ಇಲ್ಲದ ಅಪರಾಧಿಯಾಗಿ ಈ ಕಡೆ.

ನೀಲವ್ವ ಅಲ್ಲಿಯವರೆಗೆ ಮಾತಾಡಿರಲಿಲ್ಲ. "ಸಾಹೇಬ್ರ, ಸಿಗತದೇನ್ರಿ?" ಎಂದಳು. ಅಚ್ಚ ವಿಜಾಪುರದ ಕನ್ನಡ ಆ ಬಾಯಲ್ಲಿ ಕೇಳಿ ಮುಗಳಿ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು.

11.25ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ದಂಡ ಸಂಹಿತೆ ಕಲಂ 380, ವಾಸದ ಮನೆಯಲ್ಲಿ ಕಳ್ಳತನ.

12.15ಕ್ಕೆ ಮುಗಳಿ ಮತ್ತು ಸಾಳವಿ ಆಂಟಾಪ್ ಹಿಲ್‌ನಲ್ಲಿದ್ದ ನಿಂಗಣ್ಣನ ಚಾಳು ತಲುಪಿದರು. ಎರಡು ಖೋಲಿಯ ಮನೆ. ನೆರೆಯವರಿಬ್ಬರನ್ನು ಪಂಚರೆಂದು ನಿಲ್ಲಿಸಿ ಸಾಳವಿ ಪಂಚನಾಮೆ ಶುರುಮಾಡಿದ. ಸಾಳವಿಯ ಪಂಚನಾಮೆಯೆಂದರೆ ಠಾಣೆಗೆಲ್ಲ ನಗೆ. ಕೊಲೆಯ ಮನೆಯಲ್ಲೂ ಸೌಟು ಎಷ್ಟು, ಮುಚ್ಚಳ ಎಷ್ಟು ಎಂದು ಎಣಿಸುವ ಮನುಷ್ಯ. ಟ್ರಂಕು ತೆರೆದು ನೋಡಿದ, ಹಿಟ್ಟಿನ ಡಬ್ಬಿಗೆ ಕೈ ಹಾಕಿದ, ದೇವರ ಜಗಲಿಯ ಫೋಟೋಗಳ ಹಿಂದೆಯೂ ಇಣುಕಿದ. ಟ್ರಂಕಿನ ಬೀಗ ಮುರಿದಿರಲಿಲ್ಲ. ಕೀಲಿ ಯಾವಾಗಲೂ ಬಾಗಿಲ ಹಿಂದಿನ ಮೊಳೆಯಲ್ಲಿರುತ್ತಿತ್ತು.

ಮನೆಯಲ್ಲಿ ಇನ್ನಿಬ್ಬರು ಹೆಂಗಸರಿದ್ದರು. ನಿಂಗಣ್ಣನ ತಾಯಿ ನಾಗವ್ವ, ವಯಸ್ಸು 62. ತೀರಿಹೋದ ಅಣ್ಣನ ಹೆಂಡತಿ ಮಲ್ಲಕ್ಕ, ವಯಸ್ಸು 38. ನಾಗವ್ವ ಶುಕ್ರವಾರ ಸೊಸೆಗೆ ಉಡಿ ತುಂಬಲು ಅಕ್ಕಿ, ಕೊಬ್ಬರಿ, ಅರಿಶಿನ ಬೇರು ಹಸನು ಮಾಡುತ್ತಿದ್ದಳು. ಮಲ್ಲಕ್ಕ ವಿಧವೆ. ಆ ಕೆಲಸಕ್ಕೆ ಅವಳು ಕೈ ಹಚ್ಚುವಂತಿರಲಿಲ್ಲ. ಮೂಲೆಯಲ್ಲಿ ಕೂತು ಕೂಸಿಗೆಂದು ಹಳೆ ಸೀರೆಯ ತುಂಡುಗಳ ಒಂದು ಕೌದಿ ಹೊಲಿಯುತ್ತಿದ್ದಳು. ಪೊಲೀಸರು ಮನೆಯೆಲ್ಲ ತಿರುವಿಹಾಕಿದರೂ ತಲೆ ಎತ್ತಲಿಲ್ಲ. ಹೆಂಗಸಿನ ಮಡಿಲಲ್ಲಿರುವ ಬಟ್ಟೆಯೆಂದು ಸಾಳವಿ ಮುಟ್ಟದೆ, ನೋಡಿದ್ದನ್ನಷ್ಟೇ ಬರೆದುಕೊಂಡ.

ಮುಗಳಿ ನಾಗವ್ವನನ್ನು ಪಡಸಾಲೆಗೆ ಕರೆದರು.

"ಸೊಸಿ ಮ್ಯಾಲ ನಿನಗ ಸಿಟ್ಟ ಐತಂತ?"

"ಐತಿ. ಯಾಕಿಲ್ಲ? ನಮ್ಮಾಕಿ ಅಲ್ಲ, ನಮ್ಮ ದೇವರಲ್ಲ."

"ಪಾಸ್‌ಪೋರ್ಟ್ ತಗದೇನು?"

ನಾಗವ್ವ ನಕ್ಕೇಬಿಟ್ಟಳು. "ಸಾಹೇಬಾ, ಪೊಲೀಸಾಗಿ ಎಷ್ಟ ವರ್ಸ ಆತು ನಿನಗ? ಆಕಿ ಹ್ವಾದ್ರ ಸಾಕಂತ ಹರಕಿ ಹೊತ್ತಾಕಿ ನಾ. ಹೋಗೂ ಕಾಗದಾ ನಾ ಯಾಕ ಮುಚ್ಚಿಡ್ಲಿ?"

ಬಾಗಿಲ ಬಳಿ ನಿಂತಿದ್ದ ಸಾಳವಿಗೆ ಕೆಮ್ಮು ಬಂತು. ಸಾಹೇಬರು ಬೈಸಿಕೊಂಡದ್ದು ಅವನಿಗೆ ಚೆನ್ನಾಗಿ ಅರ್ಥವಾಗಿತ್ತು.

ಹೊರಗಿನವರಲ್ಲಿ ಸಂಶಯ ಬರುವವನು ಬಂಡೆಪ್ಪನೊಬ್ಬನೇ. ಕೋಟೆ ಭಾಗದಲ್ಲಿ ಹಡಗಿನ ಟಿಕೀಟು, ಫಾರ್ಮು ಮಾಡಿಸಿಕೊಡುವ ದಲ್ಲಾಳಿ. ಗಲ್ಫಿಗೆ ಹೋಗಲು ಹಪಹಪಿಸುವವರು ಎಂಥ ಪಾಸ್‌ಪೋರ್ಟನ್ನಾದರೂ ಕೊಳ್ಳುವ ಕಾಲ. ಅವನು ಮಂಗಳವಾರ ಈ ಮನೆಗೆ ಬಂದಿದ್ದ. ಸಂಜೆ 4.30ಕ್ಕೆ ಮುಗಳಿ ಅವನನ್ನು ಹಿಡಿದರು.

"ಎಷ್ಟೊತ್ತಿಗೆ ಹೋಗಿದ್ದಿ?"

"ಹನ್ನೊಂದಕ್ಕರಿ. ಟಿಕೀಟ್ ಕೊಟ್ಟೆ, ಚಹಾ ಕುಡದೆ, ಬಂದೆ."

"ಆಮ್ಯಾಲ?"

"ಭಾಂಡುಪ್‌ನ್ಯಾಗ ಅಳಿಯನ ಮನ್ಯಾಗ ತೊಟ್ಟಲಾ ಹಾಕೂದಿತ್ತು. ಇವತ್ತ ಮುಂಜಾನಿ ಬಂದೀನಿ."

ಭಾಂಡುಪ್‌ಗೆ ಹೋದ ಕಾನ್‌ಸ್ಟೇಬಲ್ ಅದು ನಿಜವೆಂದು ಹೇಳಿ ಬಂದ. ಇವನು ಹೋಗಿ ನಾಲ್ಕು ತಾಸಿನ ಮೇಲೂ ಪಾಸ್‌ಪೋರ್ಟು ಟ್ರಂಕಿನಲ್ಲೇ ಇತ್ತು. ಅಲ್ಲಿಂದ ಬೆಳಗಿನ ತನಕ ಮನೆಗೆ ಹೊರಗಿನವರು ಯಾರೂ ಬಂದಿರಲಿಲ್ಲ.

ಗುರುವಾರ ಬೆಳಿಗ್ಗೆ ಮುಗಳಿ ಕಮಿಷನರ್ ಕಚೇರಿಯಲ್ಲಿರುವ ವಿದೇಶಿಯರ ನೋಂದಣಿ ವಿಭಾಗಕ್ಕೆ ಹೋದರು. ಬೇರೆ ದಾರಿಯಿಲ್ಲವೆಂದು ಅಲ್ಲಿ ತಿಳಿಯಿತು. ಹೊಸ ಪಾಸ್‌ಪೋರ್ಟಿಗೆ ಟೆಹರಾನಿನಿಂದ ಒಪ್ಪಿಗೆ ಬರಬೇಕು, ಕಡಿಮೆಯೆಂದರೆ ಮೂರು ವಾರ. ಪಾಸ್‌ಪೋರ್ಟ್ ಇಲ್ಲದೆ ಯಾವ ಪತ್ರ ತಂದರೂ ಬಂದರಿನಲ್ಲಿ ಬಿಡುವುದಿಲ್ಲ. ನೋಂದಣಿ ಪುಸ್ತಕವನ್ನು ಅಲ್ಲಿ ಒಪ್ಪಿಸಲೇಬೇಕು.

ಮಧ್ಯಾಹ್ನ 2.30. ಇನ್ನು ಇಪ್ಪತ್ತಮೂರು ತಾಸು. ಮುಗಳಿ ಬೇರೇನೂ ತೋಚದೆ ಸಾಳವಿಯ ಪಂಚನಾಮೆ ಓದತೊಡಗಿದರು. ಹಿತ್ತಾಳೆ ತಂಬಿಗೆ ಮೂರು. ಲಾಟೀನು ಒಂದು, ಗಾಜು ಒಡೆದದ್ದು. ನಾಗವ್ವನ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಹೋಗುವ ಕಾಗದವನ್ನು ಬಚ್ಚಿಡುವವರು ಯಾರು? ಇಲ್ಲಿಯವರೆಗೆ ಅವರು ನೀಲವ್ವನನ್ನು ದ್ವೇಷಿಸುವವರನ್ನೇ ಹುಡುಕಿದ್ದರು. ಅವಳು ಹೋಗಬಾರದು ಎನ್ನುವವರನ್ನು ಹುಡುಕಿರಲೇ ಇಲ್ಲ.

ಕ್ರಮಸಂಖ್ಯೆ 41ಕ್ಕೆ ಬಂದಾಗ ಬೆರಳು ನಿಂತಿತು. "ಕೌದಿ ಒಂದು, ಚಿಕ್ಕದು, ನಡುವೆ ಗೇಣಗಲ ಹೊಲಿಗೆ ಬಾಕಿ."

"ಸಾಳವಿ, ಜೀಪು ತೆಗೆ," ಎಂದರು ಮರಾಠಿಯಲ್ಲಿ.

3.50ಕ್ಕೆ ಅವರು ಮನೆ ತಲುಪಿದಾಗ ಕೌದಿ ಮುಗಿದಿತ್ತು. ಮಡಚಿ ನೀಲವ್ವನ ಪೆಟ್ಟಿಗೆಯ ಮೇಲೆ ಇಟ್ಟಿದ್ದರು. ಮಲ್ಲಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಚಲೋ ಹೊಲದೀಯವ್ವಾ," ಎಂದು ಮುಗಳಿ ಕೌದಿ ಎತ್ತಿಕೊಂಡರು. "ನಮ್ಮವ್ವನೂ ಹಿಂಗ ಅಂಚಿನಿಂದ ಒಳಗೊಳಗ ಹೊಲಕೋತ ಬರ್ತಿದ್ಲು. ಹೊಟ್ಟಿ ತುಂಬಿದೇನು?"

ಮಲ್ಲಕ್ಕನ ಕೈ ಹಿಟ್ಟಿನ ಮೇಲೆ ನಿಂತಿತು.

ಮುಗಳಿಯವರ ತಾಯಿ ಕೌದಿಯ ಕಡೆಯ ಹೊಲಿಗೆ ಹಾಕುವ ಮೊದಲು ನಡುವೆ ಒಂದು ಹಿಡಿ ಜೋಳ ಸುರಿಯುತ್ತಿದ್ದಳು. ಅದು ಕೌದಿಯ ಹೊಟ್ಟೆ ತುಂಬುವುದು. ಹೊದ್ದವರ ಹೊಟ್ಟೆ ಬರಿದಾಗಬಾರದೆಂದು ಆ ಕಡೆಯ ಹೆಂಗಸರು ಕೌದಿಯನ್ನು ಬರಿಹೊಟ್ಟೆಯಲ್ಲಿ ಬಿಡುತ್ತಿರಲಿಲ್ಲ. ಕೈಯಾಡಿಸಿದರೆ ಕಾಳು ಉರುಳುವುದು ತಿಳಿಯಬೇಕು. ಮುಗಳಿ ನಡುವೆ ಕೈ ಇಟ್ಟು ಒತ್ತಿದರು. ಕಾಳಿರಲಿಲ್ಲ. ಏನೋ ಚಪ್ಪಟೆಯಾಗಿ, ಗಟ್ಟಿಯಾಗಿ ಇತ್ತು.

"ಇದೇನ್ ತುಂಬೀ, ಯವ್ವಾ?"

ಮಲ್ಲಕ್ಕ ಹೆಂಚಿನ ಮೇಲಿನ ರೊಟ್ಟಿ ತಿರುವಿಹಾಕಿದಳು. ಪಂಚರನ್ನು ಕರೆಸಿ 4.20ಕ್ಕೆ ಕೌದಿಯ ಹೊಲಿಗೆ ಬಿಚ್ಚಲಾಯಿತು. ಹಸಿರು ಕುಪ್ಪಸದ ಖಣದ ಬಟ್ಟೆಯಲ್ಲಿ ಸುತ್ತಿದ ಪಾಸ್‌ಪೋರ್ಟು ಮತ್ತು ನೋಂದಣಿ ಪುಸ್ತಕ ಹೊರಬಂದವು. ನಿಂಗಣ್ಣ ಅತ್ತಿಗೆಯ ಕಡೆ ನೋಡಿ "ವೈನೀ..." ಎಂದವನು ಅಲ್ಲೇ ನೆಲಕ್ಕೆ ಕೂತ. ಸಾಳವಿ ಮಾತ್ರ ಪಾಸ್‌ಪೋರ್ಟಿನ ಪುಟ ತಿರುವಿ ಬೆಳಕಿಗೆ ಹಿಡಿದು ಏನೋ ಎಣಿಸತೊಡಗಿದ. ಹೊಲಿಯುವ ಅವಸರದಲ್ಲಿ ಮಲ್ಲಕ್ಕನ ಸೂಜಿ ಪುಟಗಳ ಅಂಚಿನಲ್ಲಿ ಹಾದುಹೋಗಿತ್ತು. "ಒಟ್ಟು ಏಳು ತೂತು," ಎಂದು ಬರೆದ. ಮುಗಳಿಗೆ ರೇಗಿತು. "ತೂತು ಎಣಿಸೋ ಹೊತ್ತೇನೋ ಇದು?" ಎಂದರು. ಅವನು ಅದನ್ನೂ ಕೇಳಿಸಿಕೊಳ್ಳದೆ ಪುಟದ ಸಂಖ್ಯೆ ಹಾಕಿದ.

ಮಲ್ಲಕ್ಕ ಕೈ ತೊಳೆದು ಬಂದು ಮುಗಳಿಯ ಮುಂದೆ ನಿಂತಳು.

"ನಾನ ಇಟ್ಟೀನ್ರಿ."

"ಸುಡಬೇಕಂತ ಇತ್ತೇನು?"

"ಅಯ್ಯ ಶಿವನ! ಆಕಿ ಕಾಗದಾ ನಾ ಯಾಕ ಸುಡ್ಲಿ? ಬಾಣಂತನ ಮುಗದ ಮ್ಯಾಲ ಹೊಲಗಿ ಬಿಚ್ಚಿ ಕೊಡಬೇಕಂತ ಮಾಡಿದ್ದೆ."

"ಹಡಗ ತಪ್ಪತಿತ್ತಲ್ಲ?"

"ತಪ್ಪಿದ್ರ ಏನಾತ್ರಿ? ಮತ್ತೊಂದ ಬರ್ತದ. ಕೂಸು ಮತ್ತೊಂದ ಬರ್ತದೇನು?"

ವೀಸಾ ಎಂಬುದಕ್ಕೆ ಒಂದು ತಾರೀಖಿದೆ, ಅದು ದಾಟಿದರೆ ನೀಲವ್ವನನ್ನೇ ಪೊಲೀಸರು ಹಿಡಿದೊಯ್ಯುತ್ತಾರೆ ಎಂಬುದು ಮಲ್ಲಕ್ಕನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ, ಏನನ್ನೂ ಕೇಳಿಯೂ ಇರಲಿಲ್ಲ. ಮುಗಳಿ ಈಗ ಬಿಡಿಸಿ ಹೇಳಿದಾಗ ಅವಳ ಮುಖದ ಬಣ್ಣ ಇಳಿಯಿತು. ಆದರೂ ತಾನು ಮಾಡಿದ್ದು ತಪ್ಪೆಂದು ಅವಳು ಹೇಳಲಿಲ್ಲ.

"ನಾನೂ ಆರು ತಿಂಗಳ ಬಸರಿ ಇದ್ದಾಗ ಮುಂಬೈಗೆ ಹೊಂಟಿದ್ದೆ, ಸಾಹೇಬ್ರ. ವಿಜಾಪುರದಾಗ ಗಾಡಿ ಹತ್ತಿದ್ದು, ಸೊಲ್ಲಾಪುರದಾಗ ಬದಲಿ ಮಾಡೂವಾಗ ಬ್ಯಾನಿ ಸುರು ಆತು. ಪ್ಲಾಟ್‌ಫಾರ್ಮಿನ ಮ್ಯಾಲೆ ಎಲ್ಲಾ ಮುಗೀತು. ಮತ್ತ ಮಕ್ಕಳಾಗಲಿಲ್ಲ. ಅದು ಒಂದು ದಿನದ ದಾರಿ. ಇದು ಒಂಬತ್ತು ದಿನದ ದಾರಿ ಅಂತಾರ. ನೀರಿನ ಮ್ಯಾಲೆ."

ಸಂಜೆ 5.10ಕ್ಕೆ ಮಲ್ಲಕ್ಕನನ್ನು ಬಂಧಿಸಲಾಯಿತು. ನೀಲವ್ವ ಅಡ್ಡ ನಿಂತಳು. ದೂರು ವಾಪಸ್ ಕೊಡಿ ಎಂದಳು, ನನ್ನ ಪುಸ್ತಕ, ನನ್ನ ಅಕ್ಕ, ನಿಮಗೇನು ಎಂದಳು. ಎಫ್‌ಐಆರ್ ಆದ ಮೇಲೆ ಅದು ಮನೆಯ ಜಗಳವಲ್ಲ, ಸರ್ಕಾರದ ಕೇಸು ಎಂದು ಮುಗಳಿ ಹೇಳಿದರು. ಹೇಳುವಾಗ ಅವರಿಗೇ ಆ ಮಾತು ಹಿತವಾಗಲಿಲ್ಲ.

ಇನ್ನೊಂದು ತೊಡಕಿತ್ತು. ಸಿಕ್ಕ ಪಾಸ್‌ಪೋರ್ಟು ಈಗ ಮುದ್ದೆಮಾಲು, ಕೇಸಿನ ಸಾಕ್ಷ್ಯ. ಮ್ಯಾಜಿಸ್ಟ್ರೇಟರ ಹುಕುಮಿಲ್ಲದೆ ಅದನ್ನು ಯಾರಿಗೂ ಕೊಡುವಂತಿಲ್ಲ. ಕೋರ್ಟು ತೆರೆಯುವುದು ಶುಕ್ರವಾರ ಹನ್ನೊಂದಕ್ಕೆ.

ಶುಕ್ರವಾರ ಭೋಯಿವಾಡಾ ಕೋರ್ಟಿನಲ್ಲಿ ಇವರ ಕೇಸಿನ ಮುಂದೆ ಇನ್ನೂ ಒಂಬತ್ತು ಕೇಸುಗಳಿದ್ದವು. ಮುಗಳಿ ನಿಮಿಷಕ್ಕೊಮ್ಮೆ ಗಡಿಯಾರ ನೋಡಿದರು. ಹೊರಗೆ ಓಣಿಯಲ್ಲಿ ನೀಲವ್ವ ಮಲ್ಲಕ್ಕನ ಕೈ ಹಿಡಿದು ನಿಂತಿದ್ದಳು. ಪಕ್ಕದಲ್ಲಿದ್ದ ಪೊಲೀಸಿನವನು ಬೇರೆ ಕಡೆ ಮುಖ ಮಾಡಿದ್ದ.

"ಅಕ್ಕಾ, ನನ್ ಮುಂದ ಹೇಳಬೇಕಿತ್ತು ನೀ."

"ಹೇಳಿದ್ರ ನಿಲ್ತಿದ್ದೇನು?"

ನೀಲವ್ವ ಸುಳ್ಳು ಹೇಳಲಿಲ್ಲ. "ಇಲ್ಲ," ಎಂದಳು.

12.05ಕ್ಕೆ ಕೇಸು ಕೂಗಿದರು. ಮ್ಯಾಜಿಸ್ಟ್ರೇಟರು ಕಾಗದ ಓದಿ ಪಾಸ್‌ಪೋರ್ಟು ಬಿಟ್ಟುಕೊಡಲು ಹುಕುಂ ಬರೆದರು. ಆಮೇಲೆ ಆರೋಪಿಯ ಕಡೆ ನೋಡಿದರು. ಮಾಲು ಸಿಕ್ಕಿದೆ, ಹಿಂದಿನ ಅಪರಾಧವಿಲ್ಲ. ತಪ್ಪು ಒಪ್ಪಿಕೊಂಡರೆ ಇವತ್ತೇ ಎಚ್ಚರಿಕೆ ಕೊಟ್ಟು ಬಿಡಬಹುದು ಎಂದರು. ದುಭಾಷಿ ಅದನ್ನು ಕನ್ನಡದಲ್ಲಿ ಹೇಳಿದ.

"ಈಗ ಒಪ್ಪೂದಿಲ್ರಿ," ಎಂದಳು ಮಲ್ಲಕ್ಕ.

"ಯಾಕೆ? ನೀನು ತೆಗೆದದ್ದು ಸುಳ್ಳೇ?"

"ತಗದದ್ದು ಖರೇ. ತಪ್ಪು ಹೌದೋ ಅಲ್ಲೋ ಇನ್ನಾ ಗೊತ್ತಿಲ್ರಿ. ಆಕಿ ಸುಖರೂಪ ಮುಟ್ಟಲಿ. ಹೊಟ್ಯಾಗಿಂದು ನೆಟ್ಟಗ ಇತ್ತಂದ್ರ ತಪ್ಪು ನಂದು. ಅಲ್ಲೀತನಾ ಏನೂ ಬರೀಬ್ಯಾಡ್ರಿ."

ಮ್ಯಾಜಿಸ್ಟ್ರೇಟರು ದುಭಾಷಿಯನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಕೇಸನ್ನು ಇಪ್ಪತ್ತಕ್ಕೆ ಮುಂದೂಡಿ, ಸ್ವಂತ ಜಾಮೀನಿನ ಮೇಲೆ ಅವಳನ್ನು ಬಿಟ್ಟರು.

12.25ಕ್ಕೆ ಜೀಪು ಹೊರಟಿತು. ಮಸೀದಿ ಬಂದರಿನ ಬಳಿ ಕೈಗಾಡಿಗಳು ದಾರಿ ತುಂಬಿ ನಿಂತಿದ್ದವು. ಸಾಳವಿ ಇಳಿದು ಬೈದು ದಾರಿ ಮಾಡಿಸಿದ. ಬಲ್ಲಾರ್ಡ್ ಪಿಯರ್ ಮುಟ್ಟಿದಾಗ 1.12. ಎಮಿಗ್ರೇಶನ್ ಕೌಂಟರಿನ ಮುಂದೆ ಆರು ಜನ ಇದ್ದರು. ನಿಂಗಣ್ಣನ ಪಾಸ್‌ಪೋರ್ಟಿಗೆ ಮೊಹರು ಬಿದ್ದಾಗ 1.21. ಅವನು ಗೆರೆಯ ಆ ಕಡೆ ಹೋಗಿ ನಿಂತ.

ಅಧಿಕಾರಿ ನೀಲವ್ವನ ಪಾಸ್‌ಪೋರ್ಟು ತೆರೆದ. ಒಂದು ಪುಟ ತಿರುವಿದ, ಮತ್ತೆ ಹಿಂದಕ್ಕೆ ಬಂದ, ಕೊನೆಗೆ ದೀಪಕ್ಕೆ ಹಿಡಿದ. ಅಂಚಿನ ತೂತುಗಳಲ್ಲಿ ಬೆಳಕು ಬಂತು.

"ಹೆಸರು?" ಎಂದ ಹಿಂದಿಯಲ್ಲಿ.

"ನೀಲವ್ವ," ಎಂದಳು ಅವಳು, ಎರಡು ವರ್ಷದ ರೂಢಿಯಲ್ಲಿ.

ಅಧಿಕಾರಿ ತಲೆ ಎತ್ತಿದ. ಗೆರೆಯ ಆ ಕಡೆ ನಿಂಗಣ್ಣ ಕಣ್ಣು ಮುಚ್ಚಿಕೊಂಡ. "ಸಿರಾನುಶ್," ಎಂದು ಅವಳು ತಿದ್ದಿಕೊಂಡಳು.

"ಹೆಸರು ಬೇರೆ, ಪುಸ್ತಕಕ್ಕೆ ತೂತು. ಫೋಟೋದ ಹಾಳೆ ಬಿಚ್ಚಿ ಹೊಲಿದಿದ್ದಾರೆ. ಇವರನ್ನು ಬಿಡಲು ಬರುವುದಿಲ್ಲ," ಎಂದ ಅಧಿಕಾರಿ. ಗಡಿಯಾರದಲ್ಲಿ 1.24.

ಮುಗಳಿ ಮುಂದೆ ಬಂದು ಮದುವೆಯ ದಾಖಲೆ, ಕೋರ್ಟಿನ ಹುಕುಂ, ಪಂಚನಾಮೆ ಮೂರನ್ನೂ ಕೌಂಟರಿನ ಮೇಲೆ ಹರಡಿದರು. ಅಧಿಕಾರಿ ಹುಕುಮಿನಲ್ಲಿ 'ಸಿರಾನುಶ್ ಉರ್ಫ್ ನೀಲವ್ವ' ಎಂದಿದ್ದುದನ್ನು ನೋಡಿದ. ಆಮೇಲೆ ಪಂಚನಾಮೆ ಎತ್ತಿಕೊಂಡ. "ಒಂದನೇ ಪುಟದಿಂದ ಎಂಟನೇ ಪುಟದವರೆಗೆ, ಎಡ ಅಂಚಿನಲ್ಲಿ, ಕೌದಿಯ ಸೂಜಿಯಿಂದಾದ ಏಳು ತೂತು. ಫೋಟೋದ ಅಂಟು ಕಿತ್ತಿಲ್ಲ." ಅವನು ಪೆನ್ಸಿಲ್ ತುದಿಯಿಂದ ಒಂದೊಂದೇ ಎಣಿಸಿದ. ಆರರ ಬಳಿ ತಡೆದು ಮತ್ತೆ ಮೊದಲಿನಿಂದ ಎಣಿಸಿದ. ಪಕ್ಕದಲ್ಲಿ ಸಾಳವಿಯೂ ಬೆರಳು ಮಡಚಿ ಎಣಿಸುತ್ತಿದ್ದ.

"ಏಳು," ಎಂದ ಅಧಿಕಾರಿ. ನೋಂದಣಿ ಪುಸ್ತಕ ತೆಗೆದಿಟ್ಟುಕೊಂಡು ಮೊಹರು ಒತ್ತಿದ. 1.28 ಆಗಿತ್ತು.

ನೀಲವ್ವ ಗೆರೆ ದಾಟಿ ತಿರುಗಿ ನೋಡಿದಳು. "ಕೌದಿ?" ಎಂದಳು.

"ಅದು ಕೋರ್ಟಿನ ತಾಬಾದಾಗ ಐತವ್ವಾ. ಮುಟ್ಟಿದ ಕೂಡ್ಲೆ ತಾರ್ ಮಾಡ್ರಿ, ಠಾಣೆಕ್ಕ," ಎಂದರು ಮುಗಳಿ. ಅವಳು ತಲೆಯಾಡಿಸಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಗಂಡನ ಹಿಂದೆ ನಡೆದಳು.

ಆಮೇಲಿನ ದಿನಗಳಲ್ಲಿ ಮಲ್ಲಕ್ಕ ದಿನಾ ಠಾಣೆಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಮುಗಳಿ ಇಲ್ಲವೆಂದು ತಲೆಯಾಡಿಸಿದರೆ ಹೊರಟುಹೋಗುತ್ತಿದ್ದಳು. ಹದಿನೆಂಟಕ್ಕೆ ಒಂಬತ್ತು ದಿನ ತುಂಬಿತು. ಹತ್ತೊಂಬತ್ತಕ್ಕೂ ತಂತಿ ಬರಲಿಲ್ಲ. ದೋಷಾರೋಪಣೆಯಲ್ಲಿ 'ಅಪರಾಧದ ಉದ್ದೇಶ' ಎಂಬ ಸಾಲನ್ನು ಮುಗಳಿ ಮೂರು ಸಲ ಬರೆದು ಹೊಡೆದುಹಾಕಿದರು. ಕಡೆಗೆ "ಬಾಣಂತನ ಮಾಡುವ ಇಚ್ಛೆ" ಎಂದು ಬರೆದರು. ಮೇಲಿನವರು ನಗಲಿ, ಬೇರೆ ಯಾವ ಮಾತೂ ನಿಜವಾಗಿರಲಿಲ್ಲ.

ಫೆಬ್ರವರಿ 20, ಮಂಗಳವಾರ, 11.20. ಕೋರ್ಟಿನಲ್ಲಿ ಮಲ್ಲಕ್ಕನ ಹೆಸರು ಕೂಗಿದರು. ಅವಳು ಕಟಕಟೆ ಹತ್ತಿ ಮುಗಳಿಯ ಕಡೆ ನೋಡಿದಳು. ಮುಗಳಿ ತಲೆ ತಗ್ಗಿಸಿದರು. ಅವಳು ಕಟಕಟೆಯ ಮರವನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಆಗ ಬಾಗಿಲಲ್ಲಿ ಗದ್ದಲವಾಯಿತು. ತಲೆಯ ಟೊಪ್ಪಿಗೆ ಕೈಯಲ್ಲಿ ಹಿಡಿದು, ತಡೆಯಲು ಬಂದ ಜವಾನನನ್ನು ದೂಡಿಕೊಂಡು ಸಾಳವಿ ಒಳಗೆ ನುಗ್ಗಿದ. ಇನ್ನೊಂದು ಕೈಯಲ್ಲಿ ತಂತಿಯ ಕಾಗದವಿತ್ತು. ಹದಿನೈದು ವರ್ಷ ಬಚ್ಚಿಟ್ಟಿದ್ದ ಕನ್ನಡ ಅವನ ಬಾಯಿಂದ ತಾನಾಗಿಯೇ ಹೊರಬಿತ್ತು.

"ಮುಟ್ಯಾರ್ರೀ ಅಕ್ಕಾರ! ಮುಟ್ಯಾರ! ಇಬ್ಬರೂ... ಅಲ್ಲ, ಮೂರೂ ಮಂದಿ ಆರಾಮ ಅದಾರ!"

ಮಲ್ಲಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಮ್ಯಾಜಿಸ್ಟ್ರೇಟರ ಕಡೆ ತಿರುಗಿ ಕೈ ಮುಗಿದಳು. ಅಷ್ಟು ಸಂತೋಷದಿಂದ ಆ ಮಾತು ಹೇಳಿದವರನ್ನು ಆ ಕೋರ್ಟು ಕಂಡಿರಲಿಲ್ಲ.

"ಹಂಗಾರ ತಪ್ಪು ನಂದ್ರಿ. ಈಗ ಬರಕೋರಿ."